ಕಮಿಷನರೇಟ್ ಬಂತು, ಸ್ಟೇಷನ್ನಿಗೆ ಏನು ಬಂತು?

ಈ ವಾರ ಪೊಲೀಸ್ ಕಮಿಷನರೇಟ್ ಬಗ್ಗೆ ಮಾತಾಡೋಣ. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ಒಂದು ಊರಿಗೆ ಕಮಿಷನರೇಟ್ ಅಂತ ದೊಡ್ಡ ಕಚೇರಿ ಬಂದ ಮೇಲೆ ಆ ಊರಲ್ಲಿ ಮೊದಲಿನಿಂದ ಇದ್ದ ಸಣ್ಣ ಸ್ಟೇಷನ್ನಿಗೆ ಏನಾಗುತ್ತೆ ಅನ್ನೋದರ ಬಗ್ಗೆ.

ಕರ್ನಾಟಕದಲ್ಲಿ ಈಗ ಆರು ಕಮಿಷನರೇಟ್ ಇವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ. ಬೆಂಗಳೂರಿನದು 1963ರಿಂದ ಇದೆ. ಮಂಗಳೂರಿಗೆ ಬಂದದ್ದು 2010ರಲ್ಲಿ, ಬೆಳಗಾವಿಗೆ 2014ರಲ್ಲಿ, ಕಲಬುರಗಿಗೆ 2019ರಲ್ಲಿ. ತುಮಕೂರಿಗೆ ಬೇಕು, ಶಿವಮೊಗ್ಗಕ್ಕೆ ಬೇಕು, ದಾವಣಗೆರೆಗೆ ಬೇಕು ಅನ್ನುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಮನವಿಗಳಲ್ಲಿ ಬರೆಯೋದೂ ಹೆಚ್ಚುಕಡಿಮೆ ಒಂದೇ. ಊರು ಬೆಳೆದಿದೆ, ಅಪರಾಧ ಹೆಚ್ಚಿದೆ, ಐಪಿಎಸ್ ಅಧಿಕಾರಿಗಳು ಹೆಚ್ಚು ಬಂದರೆ ಊರಿಗೆ ಒಂದು ತೂಕ. ಆದರೆ ‘ನಮ್ಮ ವಾರ್ಡಿನ ಠಾಣೆಯಲ್ಲಿ ಎಷ್ಟು ಜನ ಪೇದೆಗಳು ಉಳೀತಾರೆ?’ ಅಂತ ಕೇಳಿದ ಮನವಿಯನ್ನು ನಾನು ನೋಡಿಲ್ಲ.

ನಾನು ಮಂಗಳೂರನ್ನೇ ಉದಾಹರಣೆಗೆ ತಗೊಳ್ತೇನೆ. ಅಲ್ಲಿನ ಠಾಣೆಗಳ ಬೆಂಚಿನ ಮೇಲೆ ಕೂತು ಕಾದ ಸಮಯ ನನಗೆ ಜಾಸ್ತಿ ಇದೆ, ಅದಕ್ಕೆ.

ಮೊದಲು ಯಾಕೆ ಬಂತು ಅಂತ ನೋಡೋಣ. 2008ರ ಸೆಪ್ಟೆಂಬರಿನಲ್ಲಿ ಚರ್ಚುಗಳ ಮೇಲೆ ದಾಳಿ ಆಯಿತು. 2009ರ ಜನವರಿಯಲ್ಲಿ ಪಬ್ ದಾಳಿ, ಅದರ ವಿಡಿಯೊ ದೇಶವೆಲ್ಲ ನೋಡಿತು. ಆಗ ಇದ್ದದ್ದು ಒಬ್ಬರೇ ಎಸ್‌ಪಿ. ಅವರು ಇತ್ತ ಮೂಲ್ಕಿಯಿಂದ ಅತ್ತ ಸುಳ್ಯದವರೆಗೆ, ಸಮುದ್ರದಿಂದ ಘಟ್ಟದ ಬುಡದವರೆಗೆ ನೋಡಿಕೊಳ್ಳಬೇಕಿತ್ತು. ನಗರಕ್ಕೇ ಬೇರೆ ವ್ಯವಸ್ಥೆ ಬೇಕು ಅನ್ನುವ ವಾದಕ್ಕೆ ಅಲ್ಲಿ ಅರ್ಥ ಇತ್ತು. ಕಮಿಷನರೇಟ್ ಶುರುವಾದ ವರ್ಷವೇ, 2010ರ ಮೇ 22ರಂದು, ಬಜ್ಪೆಯಲ್ಲಿ ವಿಮಾನ ಕೆಳಗುರುಳಿ 158 ಮಂದಿ ಸತ್ತರು. ಬಜ್ಪೆಯಂಥ ಒಂದು ಠಾಣೆಯ ಕೈಲಿ ಆಗುವ ಕೆಲಸವೇ ಅದು? ಹತ್ತಾರು ಠಾಣೆಯ ಜನರನ್ನು ಒಂದೇ ಗಂಟೆಯಲ್ಲಿ ಒಟ್ಟುಮಾಡಲು ಮೇಲೊಂದು ಕಚೇರಿ ಬೇಕೇ ಬೇಕು. ಹಾಗಾಗಿ ಕಮಿಷನರೇಟೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಅದರ ಖರ್ಚು ಯಾರ ಲೆಕ್ಕದಿಂದ ಹೋಗುತ್ತೆ ಅಂತ ಮಾತ್ರ ನೋಡ್ತಾ ಇದ್ದೇನೆ.

ಬದಲಾದದ್ದು ಏನು? ಬೋರ್ಡುಗಳು ಬದಲಾದವು. ಎಸ್‌ಪಿ ಇದ್ದಲ್ಲಿ ಕಮಿಷನರ್, ಅವರ ಕೆಳಗೆ ಡಿಸಿಪಿಗಳು, ಡಿವೈಎಸ್‌ಪಿ ಇದ್ದಲ್ಲಿ ಎಸಿಪಿ. ಹಿಂದೆ ನಾಲ್ಕೈದು ಠಾಣೆಗೆ ಒಬ್ಬರು ಸರ್ಕಲ್ ಇನ್‌ಸ್ಪೆಕ್ಟರ್ ಇರುತ್ತಿದ್ದರು, ಠಾಣೆಯನ್ನು ಎಸ್‌ಐ ನಡೆಸುತ್ತಿದ್ದರು. ಕಮಿಷನರೇಟಿನಲ್ಲಿ ಸರ್ಕಲ್ ಹೋಯಿತು, ಇನ್‌ಸ್ಪೆಕ್ಟರೇ ಠಾಣೆಯಲ್ಲಿ ಬಂದು ಕೂತರು. ಇದು ಒಳ್ಳೆಯದೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ಆ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು. ಮೊಬೈಲಿನಲ್ಲಿ ದುಡ್ಡು ಹೋದವರು ಎಸ್‌ಐ ಇರುವ ಠಾಣೆಗೆ ಹೋದರೆ ‘ಇದು ನಮ್ಮ ಕೈಲಿಲ್ಲ’ ಅನ್ನುವುದಕ್ಕೆ ಒಂದು ಕಾರಣ ಇದು. ಈಗ ಜಿಲ್ಲೆಗಳಲ್ಲೂ ಎಷ್ಟೋ ಠಾಣೆಗಳಿಗೆ ಇನ್‌ಸ್ಪೆಕ್ಟರ್ ಬಂದಿದ್ದಾರೆ, ಆ ಮಾತು ಬೇರೆ.

ನಗರದ ಗಡಿಯನ್ನೂ ನೋಡಿ. ಮೂಡುಬಿದಿರೆ ಗೊತ್ತಲ್ಲ, ಸಾವಿರ ಕಂಬದ ಬಸದಿಯ ಊರು. ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್. ಸುತ್ತ ಗದ್ದೆ, ಅಡಿಕೆ ತೋಟ. ಪೊಲೀಸ್ ಲೆಕ್ಕದಲ್ಲಿ ಮಾತ್ರ ಅದು ಮಂಗಳೂರು ನಗರ! ಮೂಲ್ಕಿಯೂ ಹಾಗೇ. ಇನ್ನೊಂದು ತಮಾಷೆ ಏನಂದ್ರೆ, ನಗರ ಬೇರೆಯಾದ ಮೇಲೂ ಜಿಲ್ಲಾ ಎಸ್‌ಪಿ ಕಚೇರಿ ಮಂಗಳೂರಿನಲ್ಲೇ ಉಳಿಯಿತು. ಅವರ ವ್ಯಾಪ್ತಿ ಇರೋದು ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯದ ಕಡೆ. ಸುಳ್ಯದ ಮನುಷ್ಯ ಎಸ್‌ಪಿಯನ್ನು ಕಾಣಬೇಕಾದರೆ 80 ಕಿಲೋಮೀಟರಿಗೂ ಹೆಚ್ಚು ಬಸ್ಸಲ್ಲಿ ಬಂದು, ಎಸ್‌ಪಿಗೆ ಅಧಿಕಾರವೇ ಇಲ್ಲದ ಊರಿನಲ್ಲಿ ಎಸ್‌ಪಿಯನ್ನು ಕಾಣಬೇಕು ಅಂತಾಯಿತು. ಪುತ್ತೂರಿಗೆ ಎಸ್‌ಪಿ ಕಚೇರಿ ಬರಲಿ ಅಂತ ಆ ಕಡೆಯವರು ಕೇಳೋದು ಸುಮ್ಮನೆ ಅಲ್ಲ ಮಾರಾಯ್ರೆ.

ಇಷ್ಟು ಸಾಲದು ಅಂತ ಪಶ್ಚಿಮ ವಲಯದ ಐಜಿಪಿ ಕಚೇರಿಯೂ ಮಂಗಳೂರಿನಲ್ಲೇ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಪೊಲೀಸರಿಗೆ ಅದು ಮೇಲಿನ ಕಚೇರಿ. ಒಂದೇ ಊರಲ್ಲಿ ಐಜಿಪಿ, ಕಮಿಷನರ್, ಎಸ್‌ಪಿ. ದೊಡ್ಡ ಕಚೇರಿ ಎಲ್ಲಿದೆಯೋ ಅಲ್ಲಿಗೆ ಮೆರವಣಿಗೆ ಬರುತ್ತದೆ, ಮನವಿ ಕೊಡುವವರು ಬರುತ್ತಾರೆ, ಮಂತ್ರಿಗಳು ಬರುತ್ತಾರೆ. ಆ ಗೇಟಿನ ಮುಂದೆ ಬ್ಯಾರಿಕೇಡ್ ಹಿಡಿದು ನಿಲ್ಲುವವರು ಯಾರು? ಆ ಜಾಗ ಯಾವ ಠಾಣೆಯ ವ್ಯಾಪ್ತಿಯೋ ಆ ಠಾಣೆಯವರು ಮೊದಲು. ಮಂಗಳೂರಿನ ಕಮಿಷನರ್ ಕಚೇರಿ ಪಾಂಡೇಶ್ವರದಲ್ಲಿದೆ. ದಾಖಲೆಯಲ್ಲಿ ಅಲ್ಲಿಯ ಠಾಣೆಯ ಹೆಸರು ಮಂಗಳೂರು ದಕ್ಷಿಣ, ಜನರ ಬಾಯಲ್ಲಿ ಇವತ್ತಿಗೂ ಪಾಂಡೇಶ್ವರ ಸ್ಟೇಷನ್. ಉತ್ತರ ಠಾಣೆ ಅಂದರೆ ಬಂದರು, ಪೂರ್ವ ಅಂದರೆ ಕದ್ರಿ. ಆಟೋದವರಿಗೆ ‘ಮಂಗಳೂರು ಪೂರ್ವ ಠಾಣೆಗೆ ಬಿಡಿ’ ಅಂತ ಹೇಳಿ ನೋಡಿ, ಒಮ್ಮೆ ತಿರುಗಿ ನಿಮ್ಮ ಮುಖ ನೋಡ್ತಾರೆ.

ಕಮಿಷನರ್ ಕಚೇರಿ ಪಕ್ಕದಲ್ಲೇ ಇದ್ದರೆ ಸ್ಟೇಷನ್ ಚುರುಕಾಗುತ್ತೆ ಅಂತ ನಾವು ಅಂದುಕೊಳ್ತೇವೆ. ನಮ್ಮಲ್ಲಿ ದೀಪದ ಬುಡದಲ್ಲಿ ಕತ್ತಲೆ ಅಂತ ಮಾತಿದೆ. ಕತ್ತಲೆ ಅಂತ ನಾನು ಹೇಳೋದಿಲ್ಲ, ಆದರೆ ಅಂಥ ಠಾಣೆಯ ಬೆಳಗಿನ ಹಾಜರಿ ಹೇಗೆ ನಡೆಯುತ್ತೆ ನೋಡಬೇಕು. ಪುಸ್ತಕದಲ್ಲಿ ಇರುವ ಹೆಸರು ಅಷ್ಟು. ಅದರಲ್ಲಿ ರಜೆಯವರು, ರಾತ್ರಿ ಪಾಳಿ ಮುಗಿಸಿದವರು, ಕೋರ್ಟಿಗೆ ಹೋದವರು, ಸಮನ್ಸು ಹಿಡಿದು ಹೊರಟವರು, ಆರೋಪಿಯನ್ನು ಆಸ್ಪತ್ರೆಗೆ ಕರೆದೊಯ್ದವರು. ಉಳಿದವರಲ್ಲಿ ಬಂದೋಬಸ್ತಿಗೆ ಇಷ್ಟು ಜನ ಅಂತ ಮೇಲಿನಿಂದ ಫೋನ್. ಕೊನೆಗೆ ಠಾಣೆಯಲ್ಲಿ ಉಳಿಯೋದು ರೈಟರ್, ಸೆಂಟ್ರಿ, ವೈರ್‌ಲೆಸ್ ಹತ್ತಿರ ಒಬ್ಬರು.

ಈ ಲೆಕ್ಕದಲ್ಲಿ ಇನ್ನೊಂದು ಸಾಲು ಇದೆ. ಪೊಲೀಸರ ಭಾಷೆಯಲ್ಲಿ ಅದಕ್ಕೆ ‘ಒಒಡಿ’ ಅಂತಾರೆ. ಹೆಸರು ಈ ಠಾಣೆಯಲ್ಲಿ, ಸಂಬಳ ಈ ಠಾಣೆಯ ಲೆಕ್ಕದಲ್ಲಿ, ಕೆಲಸ ಮಾತ್ರ ಬೇರೆ ಕಡೆ. ಹೊಸ ಕಚೇರಿ ಬಂದಾಗ ಅದಕ್ಕೆ ಕಂಟ್ರೋಲ್ ರೂಮ್ ಬೇಕು, ನಗರ ಅಪರಾಧ ವಿಭಾಗ ಅಂದರೆ ಸಿಸಿಬಿ ಬೇಕು, ವಿಶೇಷ ಶಾಖೆ ಬೇಕು, ಅಂಕಿಅಂಶ ಕೂಡಿಸುವವರು ಬೇಕು, ಈಗಂತೂ ಸೋಷಿಯಲ್ ಮೀಡಿಯಾ ನೋಡುವವರು ಬೇಕು. ಆದೇಶದಲ್ಲಿ ಒಂದಷ್ಟು ಹುದ್ದೆ ಮಂಜೂರಾಗಿರುತ್ತದೆ, ಸಾಕಾಗೋದಿಲ್ಲ. ಆಗ ಠಾಣೆಗಳ ಕಡೆ ಕೈ ಚಾಚುತ್ತಾರೆ. ಯಾರನ್ನು ಕರೀತಾರೆ? ಕಂಪ್ಯೂಟರ್ ಬರುವ ಹುಡುಗ, ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ ಹುಡುಗಿ, ಫೋನ್ ಲೊಕೇಶನ್ ಓದಲು ಗೊತ್ತಿರುವ ಹೆಡ್ ಕಾನ್‌ಸ್ಟೆಬಲ್. ಕಚೇರಿಯ ಕಣ್ಣಿನಿಂದ ನೋಡಿದರೆ ಅದೂ ಸರಿಯೇ, ಅಲ್ಲಿಗೆ ಬಲ್ಲವರೇ ಬೇಕು. ಆದರೆ ಠಾಣೆಯ ಕಡೆಯಿಂದ ನೋಡಿದರೆ ಹೋದದ್ದು ಬರೀ ಒಂದು ತಲೆ ಅಲ್ಲ. ಯಾವ ಬಾಡಿಗೆ ಮನೆಯಲ್ಲಿ ಯಾರಿದ್ದಾರೆ, ಯಾವ ಗೂಡಂಗಡಿಯ ಹಿಂದೆ ಸಂಜೆ ಏನು ನಡೆಯುತ್ತೆ ಅಂತ ನಾಲ್ಕು ವರ್ಷ ತಿರುಗಿ ತಿಳಕೊಂಡದ್ದೂ ಜೊತೆಗೆ ಹೋಗುತ್ತದೆ. ಅದನ್ನು ಯಾವ ರಿಜಿಸ್ಟರಿನಲ್ಲೂ ಪೂರ್ತಿ ಬರೆದಿರೋದಿಲ್ಲ.

ಇದು ಎಷ್ಟು ಮುಖ್ಯ ಅನ್ನೋದಕ್ಕೆ 2022ರ ನವೆಂಬರ್ 19 ನೆನಪಿಸಿಕೊಳ್ಳಿ. ಮಂಗಳೂರಿನ ನಾಗುರಿ ಹತ್ತಿರ ಆಟೋದಲ್ಲಿ ಕುಕ್ಕರ್ ಬಾಂಬ್ ಸ್ಫೋಟ ಆಯಿತು, ಆಟೋ ಚಾಲಕರಿಗೆ ಗಾಯ. ಕಂಕನಾಡಿ ನಗರ ಠಾಣೆಯಲ್ಲಿ ದಾಖಲಾದ ಕೇಸು ಆಮೇಲೆ ಎನ್‌ಐಎಗೆ ಹೋಯಿತು. ಆರೋಪಿ ಮೈಸೂರಿನಲ್ಲಿ ಬೇರೆಯವರ ಆಧಾರ್ ಕಾರ್ಡ್ ತೋರಿಸಿ ಬಾಡಿಗೆ ಕೋಣೆ ಹಿಡಿದಿದ್ದ ಅಂತ ಪೊಲೀಸರು ಆಗ ಹೇಳಿದರು. ಮೈಸೂರೂ ಕಮಿಷನರೇಟ್, ಮಂಗಳೂರೂ ಕಮಿಷನರೇಟ್. ಬೀಟಿನಲ್ಲಿ ಒಬ್ಬ ಪೇದೆ ಇದ್ದಿದ್ದರೆ ಖಂಡಿತ ಹಿಡೀತಿದ್ದ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಒಂದು ಕೋಣೆಯಲ್ಲಿ ಯಾರಿದ್ದಾರೆ ಅನ್ನುವ ಪ್ರಶ್ನೆ ಮೊದಲು ಏಳಬೇಕಾದ್ದು ಆ ಬೀದಿಯಲ್ಲಿ. ಕಮಾಂಡ್ ಸೆಂಟರಿನ ಪರದೆಯಲ್ಲಿ ಬೀದಿ ಕಾಣುತ್ತದೆ, ಕೋಣೆ ಕಾಣೋದಿಲ್ಲ.

ಇಲಾಖೆಗೆ ಇದು ಗೊತ್ತಿಲ್ಲ ಅಂತಲ್ಲ. 2017ರಲ್ಲಿ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು. ಒಬ್ಬೊಬ್ಬ ಪೇದೆಗೆ ಒಂದೊಂದು ಪ್ರದೇಶ, ಅಲ್ಲಿನ ಒಳಿತು ಕೆಡುಕಿಗೆಲ್ಲ ಅವರೇ ಹೊಣೆ ಅನ್ನುವ ಯೋಚನೆ. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಅಂತ ಇನ್ನೊಂದು ಬಂತು, ಪೊಲೀಸರೇ ಮನೆ ಬಾಗಿಲಿಗೆ ಬಂದು ಕೇಳೋದು. ಎರಡೂ ಒಳ್ಳೆಯ ಯೋಜನೆಗಳೇ. ಎರಡಕ್ಕೂ ಬೇಕಾದ್ದು ಒಂದೇ, ಠಾಣೆಯಲ್ಲಿ ಉಳಿದಿರುವ ಜನ.

ಈಗ ದೂರು ಕೊಡುವವರ ಕಡೆಯಿಂದ ನೋಡೋಣ. ಮೂಡುಬಿದಿರೆಯ ಕಡೆಯ ಒಬ್ಬ ಅಮ್ಮ ಅಂತಿಟ್ಟುಕೊಳ್ಳಿ. ಪಕ್ಕದ ಜಾಗದವರು ಬೇಲಿ ದಾಟಿ ಮರ ಕಡಿದರು, ಕೇಳಲು ಹೋದಾಗ ದೂಡಿದರು. ಸ್ಟೇಷನ್ನಿಗೆ ಹೋದರು. ‘ಇನ್‌ಸ್ಪೆಕ್ಟರ್ ಬಂದೋಬಸ್ತಿಗೆ ಹೋಗಿದ್ದಾರೆ ಅಮ್ಮ, ನಾಳೆ ಬನ್ನಿ.’ ನಾಳೆ ಹೋದರು. ‘ಇದು ಸಿವಿಲ್ ವಿಷಯ.’ ಆಗ ಯಾರೋ ಹೇಳ್ತಾರೆ, ‘ಸೀದಾ ಕಮಿಷನರ್ ಹತ್ತಿರ ಹೋಗಿ’. ಮಗನೋ ತಮ್ಮನೋ ಒಂದು ದಿನದ ಕೆಲಸ ಬಿಟ್ಟು ಕರಕೊಂಡು ಹೋಗ್ತಾರೆ. ಅರ್ಜಿಯ ಮೇಲೆ ಸೀಲು ಬೀಳುತ್ತದೆ, ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಅಂತ ಷರಾ ಬೀಳುತ್ತದೆ. ಆ ಕಾಗದ ಡಿಸಿಪಿ ಕಚೇರಿಗೆ, ಅಲ್ಲಿಂದ ಎಸಿಪಿಗೆ, ಅಲ್ಲಿಂದ ಠಾಣೆಗೆ. ಯಾವ ಮೇಜಿನ ಮುಂದೆ ಅಮ್ಮ ನಿಂತಿದ್ದರೋ ಅದೇ ಮೇಜಿಗೆ.

ಇದರಿಂದ ಪ್ರಯೋಜನ ಇಲ್ಲ ಅಂದರೆ ಸುಳ್ಳಾಗುತ್ತದೆ. ಮೇಲಿನಿಂದ ಬಂದ ಕಾಗದಕ್ಕೆ ನಂಬರ್ ಇರುತ್ತದೆ, ವರದಿ ಕೊಡಬೇಕಾಗುತ್ತದೆ. ರೈಟರ್ ಅದನ್ನು ಮೊದಲು ತೆಗೀತಾರೆ. ತೊಂದರೆ ಇರೋದೂ ಅಲ್ಲೇ. ಆ ಕಾಗದ ಮೊದಲಾದರೆ, ನೇರ ಠಾಣೆಗೆ ಬಂದ ಕಾಗದ ಎರಡನೆಯದಾಗುತ್ತದೆ. ನಿಧಾನವಾಗಿ ಒಂದೇ ಠಾಣೆಯಲ್ಲಿ ಎರಡು ಸಾಲು ಆಗುತ್ತದೆ. ಪಾಂಡೇಶ್ವರದವರೆಗೆ ಹೋಗಲು ದಿನ, ಬಸ್ ಚಾರ್ಜು, ಜೊತೆಗೆ ಬರುವ ಜನ ಇರುವವರದು ಒಂದು. ಅದ್ಯಾವುದೂ ಇಲ್ಲದವರದು ಇನ್ನೊಂದು. ಕಮಿಷನರ್ ಜನಸಂಪರ್ಕ ಸಭೆ, ಫೋನ್-ಇನ್ ಕಾರ್ಯಕ್ರಮ ನಡೆದಾಗ ಪತ್ರಿಕೆಗಳಲ್ಲಿ ಒಳ್ಳೆಯ ಫೋಟೋ ಬರುತ್ತದೆ. ನಾನೂ ಅಂಥ ಸುದ್ದಿ ಬರೆದವನೇ. ಅಲ್ಲಿ ಬಂದ ದೂರುಗಳಲ್ಲಿ ಎಷ್ಟನ್ನು ಠಾಣೆಯಲ್ಲೇ ಮೊದಲ ದಿನವೇ ತಗೊಳ್ಳಬಹುದಿತ್ತು ಅಂತ ಲೆಕ್ಕ ಹಾಕಿದರೆ ಆ ಸಭೆಗೆ ಬೇರೆಯೇ ಅರ್ಥ ಬರುತ್ತದೆ.

ವಿಭಾಗಗಳು ಹೆಚ್ಚಾದಾಗ ಇನ್ನೂ ಒಂದು ಆಗುತ್ತದೆ. ಗಾಡಿ ತಾಗಿದರೆ ಸಂಚಾರ ಠಾಣೆ, ಗಂಡ ಹೊಡೆದರೆ ಮಹಿಳಾ ಠಾಣೆ, ದುಡ್ಡು ಆನ್‌ಲೈನಿನಲ್ಲಿ ಹೋದರೆ ಸೆನ್ ಠಾಣೆ. ಆ ವಿಷಯ ಬಲ್ಲವರ ಕೈಗೆ ಕೇಸು ಹೋಗೋದು ಒಳ್ಳೆಯದು. ಆದರೆ ಮೊದಲ ಬಾಗಿಲಲ್ಲೇ ‘ಇಲ್ಲಲ್ಲ, ಅಲ್ಲಿ’ ಅಂತ ಕಳಿಸೋದಕ್ಕೂ ಅದೇ ನೆಪ ಆಗುತ್ತದೆ. ಸಿಸಿಬಿ ದಾಳಿಗಳದ್ದೂ ಒಂದು ಕಥೆ. ಜೂಜಿನ ಅಡ್ಡೆ ಮೇಲೆ ಸಿಸಿಬಿ ದಾಳಿ, ಸ್ಥಳೀಯ ಠಾಣೆಗೆ ಸುಳಿವೇ ಇರಲಿಲ್ಲ ಅಂತ ಸುದ್ದಿ ಬರುತ್ತದೆ. ಮರುದಿನ ಇನ್‌ಸ್ಪೆಕ್ಟರಿಗೆ ನೋಟಿಸು. ಕೆಲವು ಸಲ ಅದು ನ್ಯಾಯವೇ, ಠಾಣೆಯವರೇ ಕಣ್ಣು ಮುಚ್ಚಿಕೊಂಡಿರುತ್ತಾರೆ. ಸಿಸಿಬಿ ಇಲ್ಲದಿದ್ದರೆ ಆ ಅಡ್ಡೆ ಮುಚ್ಚುತ್ತಲೇ ಇರಲಿಲ್ಲ. ಕೆಲವು ಸಲ ಬೀಟಿನ ಹುಡುಗನನ್ನೇ ಸಿಸಿಬಿಗೆ ಕರೆಸಿಕೊಂಡಿರುತ್ತಾರೆ, ಸುಳಿವು ಸಿಕ್ಕಿದ್ದೂ ಅವನಿಂದಲೇ. ಹೊಗಳಿಕೆ ಅಲ್ಲಿಗೆ, ನೋಟಿಸು ಇಲ್ಲಿಗೆ.

ಇಲ್ಲಿಯವರೆಗೆ ಹೇಳಿದ್ದು ಜನ, ಕಾಗದ, ದೂರದ ಮಾತು. ಇವೆಲ್ಲ ಸರಿಮಾಡಬಹುದಾದವು. ನನಗೆ ಹೆಚ್ಚು ಯೋಚನೆ ಆಗೋದು ಅಧಿಕಾರದ ವಿಷಯದಲ್ಲಿ.

ಕಮಿಷನರೇಟ್ ಅಂದರೆ ಮುಖ್ಯವಾಗಿ ಏನು ಬದಲಾಗುತ್ತದೆ ಗೊತ್ತಾ? ಜಿಲ್ಲೆಯಲ್ಲಿ ನಿಷೇಧಾಜ್ಞೆ ಹಾಕುವವರು ಜಿಲ್ಲಾಧಿಕಾರಿ ಅಥವಾ ಅವರ ಕೆಳಗಿನ ಕಂದಾಯ ಅಧಿಕಾರಿಗಳು. ‘ಶಾಂತಿಯಿಂದ ಇರ್ತೇನೆ’ ಅಂತ ಮುಚ್ಚಳಿಕೆ ಬರೆಸಿಕೊಳ್ಳುವವರೂ ಅವರೇ, ತಹಶೀಲ್ದಾರರು, ಸಹಾಯಕ ಆಯುಕ್ತರು. ಪೊಲೀಸರು ವರದಿ ಕೊಡಬೇಕು, ಬೇರೆ ಇಲಾಖೆಯ ಒಬ್ಬರು ಅದನ್ನು ಓದಿ ತೀರ್ಮಾನಿಸಬೇಕು. ಕಮಿಷನರೇಟಿನಲ್ಲಿ ಈ ದಂಡಾಧಿಕಾರ ಪೊಲೀಸ್ ಕಚೇರಿಗೇ ಬರುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107, 110, 144 ಅಂತ ನಮಗೆ ಅಭ್ಯಾಸ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವು 126, 129, 163 ಆಗಿವೆ. ಸಂಖ್ಯೆ ಬದಲಾಯಿತು, ಕೆಲಸ ಅದೇ.

ಗಡೀಪಾರು ತಗೊಳ್ಳಿ. ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲಿ ಅದಕ್ಕೆ ಅವಕಾಶ ಇದೆ. 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಪೊಲೀಸರು 36 ಮಂದಿಯ ಗಡೀಪಾರಿಗೆ ಪ್ರಕ್ರಿಯೆ ಶುರುಮಾಡಿದರು. ಅದು ಕಮಿಷನರೇಟಿನ ಹೊರಗಿನ ಪ್ರದೇಶ. ಅಂಥ ಕಡೆ ಪೊಲೀಸರ ವರದಿ ಹೋಗೋದು ಪುತ್ತೂರಿನ ಸಹಾಯಕ ಆಯುಕ್ತರಂಥ ಕಂದಾಯ ಅಧಿಕಾರಿಯ ಮುಂದೆ. ಸಹಾಯಕ ಆಯುಕ್ತ ಅಂದರೆ ಎಸಿ, ಎಸಿಪಿ ಅಲ್ಲ. ಸುದ್ದಿ ಓದುವಾಗ ಎಷ್ಟೋ ಜನ ಇವೆರಡನ್ನು ಒಂದೇ ಅಂದುಕೊಳ್ತಾರೆ. ಆ ಒಂದು ‘ಪಿ’ ಅಕ್ಷರದಲ್ಲಿ ಇಡೀ ವ್ಯತ್ಯಾಸ ಇದೆ. ಅದೇ ಮನುಷ್ಯ ಗಡಿ ದಾಟಿ ನಗರ ವ್ಯಾಪ್ತಿಯಲ್ಲಿ ಮನೆ ಮಾಡಿದ್ದರೆ, ಅವನ ಮೇಲೆ ವರದಿ ಬರೆಯುವವರು ಠಾಣೆಯ ಇನ್‌ಸ್ಪೆಕ್ಟರ್, ತೀರ್ಮಾನಿಸುವವರು ಅದೇ ಇನ್‌ಸ್ಪೆಕ್ಟರಿನ ಮೇಲಧಿಕಾರಿ.

ಇದು ಠಾಣೆಯನ್ನು ಹೇಗೆ ಬದಲಾಯಿಸುತ್ತದೆ? ಹಿಂದೆ ಒಂದು ತೆಳುವಾದ ವರದಿಯನ್ನು ತಹಶೀಲ್ದಾರರ ಮುಂದೆ ಇಟ್ಟರೆ, ‘ಏನ್ರೀ ಇದು, ಹತ್ತು ವರ್ಷ ಹಿಂದಿನ ಒಂದೇ ಕೇಸು ಇದೆಯಲ್ಲ’ ಅಂತ ಕೇಳುವ ಸಾಧ್ಯತೆ ಇತ್ತು. ಕೇಳುತ್ತಿದ್ದರಾ ಅಂದರೆ, ಎಲ್ಲರೂ ಅಲ್ಲ. ಕಂದಾಯ ಅಧಿಕಾರಿಗಳಿಗೂ ನೂರೆಂಟು ಕೆಲಸ, ಸಹಿ ಹಾಕಿ ಕಳಿಸಿದವರೇ ಹೆಚ್ಚಿರಬಹುದು. ಆದರೂ ಹೊರಗಿನವರೊಬ್ಬರು ಓದ್ತಾರೆ ಅನ್ನುವ ಭಯಕ್ಕೆ ಬರೆಯುವಾಗ ಸ್ವಲ್ಪ ಎಚ್ಚರ ಇರುತ್ತದೆ. ಮೇಲಿನವರೇ ‘ಹಬ್ಬದ ಮೊದಲು ಇಷ್ಟು ಜನರ ಮೇಲೆ ಮುಚ್ಚಳಿಕೆ ಆಗಬೇಕು’ ಅಂತ ಕೇಳಿ, ಮೇಲಿನವರೇ ತೀರ್ಮಾನಿಸುವಾಗ ಆ ಎಚ್ಚರ ಎಲ್ಲಿಂದ ಬರಬೇಕು?

ಹೀಗೆ ಭಯಪಡಲು ಕಾರಣ ಇದೆಯಾ ಅಂತ ಕೇಳಬಹುದು. ಬೆಂಗಳೂರಿಗೆ ಬನ್ನಿ. 2019ರ ಡಿಸೆಂಬರ್ 18ರಂದು, ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆಗಳ ಹೊತ್ತಿನಲ್ಲಿ, ನಗರ ಪೊಲೀಸ್ ಕಮಿಷನರ್ ದಂಡಾಧಿಕಾರಿಯಾಗಿ 144ನೇ ಕಲಂ ಹಾಕಿದರು. ಪ್ರಕರಣ ಹೈಕೋರ್ಟಿಗೆ ಹೋಯಿತು. 2020ರ ಫೆಬ್ರುವರಿ 13ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಆ ಆದೇಶ ಕಾನೂನುಬಾಹಿರ ಅಂತ ಹೇಳಿತು. ಪೀಠ ಎತ್ತಿದ ಮುಖ್ಯ ಆಕ್ಷೇಪಗಳಲ್ಲಿ ಒಂದು ಇದು. ಆದೇಶದಲ್ಲಿ ಡಿಸಿಪಿಗಳ ವರದಿಗಳೇ ಮತ್ತೆ ಬಂದಿವೆ, ಕಮಿಷನರ್ ತಾವೇ ಯೋಚಿಸಿ ಒಂದು ಅಭಿಪ್ರಾಯಕ್ಕೆ ಬಂದದ್ದಕ್ಕೆ ಕಾರಣಗಳು ಕಾಣೋದಿಲ್ಲ. ಕೆಳಗಿನಿಂದ ಬಂದ ಕಾಗದ ಮೇಲೆ ಹೋಗಿ ಆದೇಶವಾಗಿ ಇಳಿದು ಬಂತು. ಅಮ್ಮನ ಅರ್ಜಿಯದೂ ಹೆಚ್ಚುಕಡಿಮೆ ಇದೇ ಪ್ರಯಾಣ ನೋಡಿ, ಒಂದು ಸುತ್ತು ಹೊಡೆದು ಅಲ್ಲಿಗೇ.

ಅದೇ ವಾರ ಮಂಗಳೂರಿನಲ್ಲೂ ನಿಷೇಧಾಜ್ಞೆ ಇತ್ತು. ಡಿಸೆಂಬರ್ 19ರಂದು ಬಂದರು ಠಾಣೆಯ ಆಸುಪಾಸಿನಲ್ಲಿ ನಡೆದ ಗಲಭೆ, ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಗುಂಪು ಠಾಣೆಯ ಮೇಲೆ ದಾಳಿಗೆ ಬಂತು ಅಂತ ಪೊಲೀಸರು, ಇಲ್ಲ ಅಂತ ಸತ್ತವರ ಕಡೆಯವರು. ಆ ವಿವಾದವನ್ನು ಇಲ್ಲಿ ತೀರ್ಮಾನಿಸೋದು ನನ್ನ ಕೆಲಸ ಅಲ್ಲ. ಸರ್ಕಾರ ಮ್ಯಾಜಿಸ್ಟೀರಿಯಲ್ ತನಿಖೆಗೆ ಆದೇಶಿಸಿದಾಗ ಅದನ್ನು ಒಪ್ಪಿಸಿದ್ದು ಉಡುಪಿಯ ಜಿಲ್ಲಾಧಿಕಾರಿಗೆ. ತನಿಖೆಗೆ ಪೊಲೀಸರಲ್ಲದ ಒಬ್ಬ ದಂಡಾಧಿಕಾರಿ ಬೇಕಾದರು. ನಿಷೇಧಾಜ್ಞೆ ಹಾಕುವಾಗ ಅಂಥವರು ಬೇಕು ಅಂತ ಕಾನೂನಿನ ಈಗಿನ ಏರ್ಪಾಡು ಕೇಳೋದಿಲ್ಲ.

ತಮಿಳುನಾಡಿನಲ್ಲಿ ಡಿಸಿಪಿಗಳಿಗೆ ಮುಚ್ಚಳಿಕೆ ಪ್ರಕರಣ ನಡೆಸುವ ದಂಡಾಧಿಕಾರ ಕೊಟ್ಟ ಸರ್ಕಾರಿ ಆದೇಶಗಳನ್ನು ಮದ್ರಾಸ್ ಹೈಕೋರ್ಟ್ 2023ರ ಮಾರ್ಚ್‌ನಲ್ಲಿ ರದ್ದುಮಾಡಿತು. ಆ ತೀರ್ಪು ಅಲ್ಲಿನ ಆದೇಶಗಳಿಗೆ ಸಂಬಂಧಿಸಿದ್ದು, ಇಲ್ಲಿಗೆ ತಾನಾಗಿ ಅನ್ವಯ ಆಗೋದಿಲ್ಲ. ಆದರೆ ಹೊಸ ಕಮಿಷನರೇಟ್ ಕೇಳುವ ಊರಿನವರು ಅದನ್ನು ಒಮ್ಮೆ ಓದಿಕೊಳ್ಳೋದು ಒಳ್ಳೆಯದು. ನಾವು ಕೇಳ್ತಾ ಇರೋದು ಬರೀ ಒಂದು ಕಟ್ಟಡ ಅಲ್ಲ, ಡಿಸಿ ಕಚೇರಿಯಲ್ಲಿದ್ದ ಒಂದು ಅಧಿಕಾರವನ್ನು ತೆಗೆದು ಪೊಲೀಸ್ ಕಚೇರಿಯಲ್ಲಿಡಿ ಅಂತ ಕೇಳ್ತಾ ಇದ್ದೇವೆ.

ಹಾಗಾದರೆ ತುಮಕೂರಿನವರು, ಶಿವಮೊಗ್ಗದವರು ಏನು ಕೇಳಬೇಕು? ನನಗೆ ಅನಿಸೋದು ಇಷ್ಟು. ಮಂಜೂರಾತಿ ಆದೇಶ ಬಂದ ದಿನ ಕಮಿಷನರ್ ಯಾವ ದರ್ಜೆಯವರು, ಡಿಸಿಪಿ ಎಷ್ಟು ಅಂತ ನೋಡೋದು ಬಿಡಿ. ಹೊಸದಾಗಿ ಸೃಷ್ಟಿಯಾದ ಪೇದೆ ಹುದ್ದೆ ಎಷ್ಟು, ಈಗಿರುವ ಠಾಣೆಗಳಿಂದ ವರ್ಗ ಮಾಡಿದ್ದು ಎಷ್ಟು ಅಂತ ಅನುಬಂಧದಲ್ಲಿ ನೋಡಿ. ಅಲ್ಲಿರುತ್ತದೆ ಲೆಕ್ಕ. ಆಮೇಲೆ ಗಡಿ ಎಲ್ಲಿಯವರೆಗೆ, ಹಳ್ಳಿಗಳನ್ನು ಎಷ್ಟು ಸೇರಿಸಿದ್ದಾರೆ, ಎಸ್‌ಪಿ ಕಚೇರಿ ಎಲ್ಲಿಗೆ ಹೋಗುತ್ತದೆ. ಇದನ್ನು ಮೊದಲೇ ಕೇಳದಿದ್ದರೆ ಸುಳ್ಯದವರ ಹಾಗೆ ಹದಿನೈದು ವರ್ಷ ಆಮೇಲೆ ಕೇಳ್ತಾ ಕೂರಬೇಕು.

ಈಗಾಗಲೇ ಕಮಿಷನರೇಟ್ ಇರುವ ಊರಿನವರಿಗೂ ಒಂದು ದಾರಿ ಇದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಅದರಲ್ಲಿ ಬೇರೆ ಕಡೆ ಒಒಡಿ ಮೇಲೆ ಇರುವವರು ಎಷ್ಟು ಅಂತ ಮೂರೇ ಪ್ರಶ್ನೆ ಕೇಳಿ. ಮೂರನೆಯದಕ್ಕೆ ಉತ್ತರ ಬರಲು ಸ್ವಲ್ಪ ಕಷ್ಟ ಆಗಬಹುದು. ಭದ್ರತೆಯ ಕಾರಣ ಹೇಳಬಹುದು. ಹೆಸರು ಕೇಳಬೇಡಿ, ಸಂಖ್ಯೆ ಕೇಳಿ, ಮೇಲ್ಮನವಿಯಲ್ಲಿ ನಿಲ್ಲುವ ಅವಕಾಶ ಹೆಚ್ಚು.

ದೂರಿನ ವಿಷಯಕ್ಕೆ ಬಂದರೆ, ಬೇರೆ ಠಾಣೆಯ ವ್ಯಾಪ್ತಿ ಅಂತ ಹೇಳಿ ದೂರು ತಗೊಳ್ಳದೆ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲೇ ಮಾಹಿತಿ ಕೊಡಬಹುದು. ಮೊಬೈಲಿನಲ್ಲಿ ಕಳಿಸಿದರೂ ಆಗುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ತಗೊಳ್ಳದಿದ್ದರೆ ಎಸ್‌ಪಿಗೆ, ನಗರದಲ್ಲಾದರೆ ಡಿಸಿಪಿಗೆ, ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಅಂಚೆಯ ರಸೀದಿ ಇಟ್ಟುಕೊಳ್ಳಿ, ಒಂದು ದಿನದ ಕೂಲಿ ಬಿಟ್ಟು ಪಾಂಡೇಶ್ವರಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ನಿಮ್ಮ ಬೀಟಿನ ಪೇದೆಯ ಹೆಸರೂ ಫೋನ್ ನಂಬರೂ ಈಗಲೇ ಠಾಣೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ‘ಅವರು ಈಗ ಕಮಿಷನರ್ ಆಫೀಸಲ್ಲಿದ್ದಾರೆ’ ಅಂತ ಉತ್ತರ ಬಂದರೆ, ಅವರ ಬದಲಿಗೆ ಯಾರು ಅಂತ ಕೇಳಿ, ಆ ಹೆಸರನ್ನು ಬರೆದುಕೊಳ್ಳಿ.